ಮುಂದಿನ ತಾರೀಖಿನ ವಿಳಾಸ

“ಅಲ್ಲಯ್ಯಾ, ವಿಳಾಸ ಬದಲಾಯಿಸಿದೆ. ‘ಸೇವ್ ಆಯ್ತು’ ಅಂತ ಮೆಸೇಜೂ ಬಂತು. ಪಾರ್ಸಲ್ ಮಾತ್ರ ಹಳೇ ಮನೆಗೇ ಹೋಗುತ್ತೆ!” ಪಕ್ಕದ ಮನೆ ರಾಯರು ಕಾಂಪೌಂಡಿನ ಆಚೆಯಿಂದಲೇ ಶುರು ಮಾಡಿದರು. ಬ್ಯಾಂಕಿನಿಂದ ರಿಟೈರಾದವರು, ಲೆಕ್ಕ ತಪ್ಪಿದರೆ ನಿದ್ದೆ ಬಾರದು.

“ಅವರಲ್ಲಿ ಏನಾಗಿದೆಯೋ ಕಾಣೆ ರಾಯರೇ. ನಾನು ನೋಡಿಕೊಳ್ಳೋ ಎಚ್‌ಬೇಸ್ ಅನ್ನೋ ಡೇಟಾಬೇಸ್‌ನಲ್ಲಿ ಹೀಗಾಗೋಕೆ ದಾರಿ ಇದೆ. ಅಲ್ಲಿ ತಿದ್ದೋದು ಅಂದರೂ ಹೊಸದಾಗಿ ಬರೆಯೋದೇ. ಪ್ರತಿ ಬರಹಕ್ಕೂ ಮಿಲಿಸೆಕೆಂಡ್ ಲೆಕ್ಕದ ಟೈಮ್‌ಸ್ಟ್ಯಾಂಪ್. ಯಾವುದರ ಅಂಕಿ ದೊಡ್ಡದೋ ಅದು ಮೇಲೆ, ಕೇಳಿದವರಿಗೆ ಸಿಗೋದೂ ಅದೇ.”

“ಕೆಳಗಿನವು?”

“ಎಷ್ಟು ಆವೃತ್ತಿ ಇಡಬೇಕು ಅಂತ ನಾವು ಹೇಳಬೇಕು. ಹೇಳದಿದ್ದರೆ ಮೊದಲೆಲ್ಲ 3 ಇಡ್ತಿತ್ತು, 0.96 ರಿಲೀಸಿನಿಂದ ಈಚೆಗೆ ಒಂದೇ. ಇದಕ್ಕೆಲ್ಲ ಮೂಲ ಗೂಗಲ್‌ನವರ ಬಿಗ್‌ಟೇಬಲ್. 2006ರ ಅವರ ಪ್ರಬಂಧದಲ್ಲಿ ವೆಬ್ ಪುಟ ತಂದ ಹೊತ್ತನ್ನೇ ಟೈಮ್‌ಸ್ಟ್ಯಾಂಪ್ ಮಾಡಿ, ಕೊನೆಯ ಮೂರು ಪ್ರತಿ ಇಟ್ಟುಕೊಳ್ಳೋ ಉದಾಹರಣೆ ಇದೆ.”

“ಅಂದರೆ ತಾರೀಖನ್ನ ನಾವೇ ಹಾಕಬಹುದು. ಪೋಸ್ಟ್‌ಡೇಟೆಡ್ ಚೆಕ್ ಥರ ಯಾರಾದರೂ ಮುಂದಿನ ತಾರೀಖು ಹಾಕಿದರೆ?”

ಬ್ಯಾಂಕಿನವರ ಮೂಗೇ ಮೂಗು!

“ಅಲ್ಲೇ ಇರೋದು ಕಿತಾಪತಿ. ಕಸ್ಸಾಂಡ್ರಾ ಅನ್ನೋ ಇನ್ನೊಂದು ಡೇಟಾಬೇಸ್‌ನಲ್ಲಿ ಪಳಗಿದ ಹುಡುಗರಿಗೆ ಮೈಕ್ರೋಸೆಕೆಂಡ್ ರೂಢಿ. ಇಲ್ಲೂ ಅದನ್ನೇ ಕಳಿಸಿದರೆ ಸಾವಿರಪಟ್ಟು ದೊಡ್ಡ ಅಂಕಿ, ತಾರೀಖು 50,000 ವರ್ಷಕ್ಕೂ ಆಚೆ ಹೋಗುತ್ತೆ. ಆಮೇಲೆ ನೀವು ನೂರು ಸಲ ತಿದ್ದಿ, ಹಳೇ ವಿಳಾಸ ಮೇಲಿಂದ ಅಲ್ಲಾಡೋಲ್ಲ. ಎರರ್ರೂ ಇಲ್ಲ. ಒಂದೇ ಆವೃತ್ತಿ ಇಟ್ಟಿದ್ದರಂತೂ ನಿಮ್ಮ ತಿದ್ದುಪಡಿಯೇ, ಫೈಲುಗಳನ್ನ ಒಟ್ಟುಗೂಡಿಸಿ ಚೊಕ್ಕಟ ಮಾಡೋ ಕಂಪ್ಯಾಕ್ಷನ್‌ನಲ್ಲಿ ಕಸವಾಗಿ ಹೋಗುತ್ತೆ.”

“ಅಳಿಸಿಬಿಡ್ರಯ್ಯಾ ಅದನ್ನ!”

“ಸುಮ್ಮನೆ ಅಳಿಸಿದರೆ ಈ ಹೊತ್ತಿನವರೆಗಿನದು ಮಾತ್ರ ಮರೆಯಾಗುತ್ತೆ, ಮುಂದಿನ ತಾರೀಖಿನದು ಹಾಗೇ ಉಳಿಯುತ್ತೆ. ‘ಆ ತಾರೀಖಿನವರೆಗಿನದ್ದೆಲ್ಲ ಅಳಿಸು’ ಅಂದಿರೋ, ನಾಳೆ ಬರೆಯೋದೂ ಕಾಣೋದಿಲ್ಲ, ಮೇಜರ್ ಕಂಪ್ಯಾಕ್ಷನ್ ಆಗೋವರೆಗೂ. ಆ ಅಂಕಿಯನ್ನೇ ಹಿಡಿದು ಆ ಒಂದನ್ನಷ್ಟೇ ಕೀಳಬೇಕು. ಅದಕ್ಕೇ ನಾನು ಹೇಳೋದು: ಟೈಮ್‌ಸ್ಟ್ಯಾಂಪನ್ನ ಸರ್ವರಿಗೇ ಬಿಡಿ, ನಿಮ್ಮ ತಾರೀಖಿಗೆ ಬೇರೆ ಕಾಲಂ ಮಾಡಿಕೊಳ್ಳಿ.”

“ಸರ್ವರಿನ ಗಡಿಯಾರವೇ ಕೆಟ್ಟರೆ?”

“ಮಾಸ್ಟರ್ ಸರ್ವರಿನ ಗಡಿಯಾರಕ್ಕಿಂತ 30 ಸೆಕೆಂಡಿಗೂ ಮೀರಿ ಹೆಚ್ಚುಕಡಿಮೆ ಇದ್ದರೆ ಆ ಸರ್ವರನ್ನ ಸೇರಿಸಿಕೊಳ್ಳೋದೇ ಇಲ್ಲ.”

“ಸರ್ವರಿಗೆ ಅಷ್ಟು ಬಿಗಿ. ಚೆಕ್ ತಂದವನನ್ನ ಮಾತ್ರ ಕೇಳೋರಿಲ್ವಾ?”

“ತೀರಾ ಮುಂದಿನ ತಾರೀಖಿನದನ್ನ ವಾಪಸ್ ಕಳಿಸೋ ಸೆಟ್ಟಿಂಗ್ ಇದೆ. ತಾನಾಗಿ ಆನ್ ಆಗಿರೋಲ್ಲ, ನಾವೇ ಹಾಕಬೇಕು.”

“ಹಾಕಿದ್ದೀರೋ?”

“ನಮ್ಮಲ್ಲಿ ಹಾಕಿದ್ದೀವಿ. ನಿಮ್ಮ ಪಾರ್ಸಲಿನವರನ್ನ ನೀವೇ ಕೇಳಬೇಕು.”