ಬಲೆ ನಿಮ್ಮದು, ಹೀರೋ ನಮ್ಮವ

ಸಿನಿಮಾದಲ್ಲಿ ಯಾರ್ಯಾರಿಗೆ ಎಷ್ಟು ಪಾಲು ಸಿಕ್ಕಿದೆ ಎಂದು ತೂಗಿ ನೋಡುವುದು ಈಗಿನ ಫ್ಯಾಷನ್ನು. ಜಾತಿ ಎಷ್ಟು, ಊರು ಎಷ್ಟು, ಮೈಬಣ್ಣ ಎಷ್ಟು ಎಂದು ಎಲ್ಲರೂ ತಕ್ಕಡಿ ಹಿಡಿದು ಕೂತಿದ್ದಾರೆ. ವಿಶಾಖಪಟ್ಟಣದ ಪಕ್ಕದ ಭೀಮುನಿಪಟ್ಟಣಕ್ಕೆ ಹೋಗಿದ್ದೆನಲ್ಲ, ನನ್ನ ಬೋಣಿಯೂ ಅಲ್ಲೇ ಆಗಲಿ ಎಂದುಕೊಂಡೆ.

ಗೋಸ್ತನಿ ನದಿ ಕಡಲು ಸೇರುವ, ಡಚ್ಚರ ಗೋರಿಗಳಿರುವ, 1861ರಲ್ಲೇ ಪುರಸಭೆ ಕಂಡ ಊರು. ಜನರ ಬಾಯಲ್ಲಿ ಭೀಮಿಲಿ. ಊರಿನ ಹೆಸರು ಹೊತ್ತ ಸಿನಿಮಾವೂ ಇದೆ, 2010ರ ‘ಭೀಮಿಲಿ ಕಬಡ್ಡಿ ಜಟ್ಟು’. (ಜಟ್ಟು ಎಂದರೆ ತಂಡ, ನಮ್ಮ ಜಟ್ಟಿಗಳು ತೊಡೆ ತಟ್ಟಬೇಕಾಗಿಲ್ಲ.) ಕಥೆ ತಮಿಳಿನ ‘ವೆಣ್ಣಿಲಾ ಕಬಡಿ ಕುಳು’ವಿನದು. ನಾಯಕಿ ಶರಣ್ಯಾ ಮೋಹನ್ ಕೇರಳದವರು, ತಮಿಳಿನಲ್ಲೂ ಅವರೇ. ನಾಯಕ ನಾನಿ ಹೈದರಾಬಾದಿನಲ್ಲಿ ಬೆಳೆದವರು. ಕೂಡಿ ಕಳೆದರೆ ಭೀಮಿಲಿಗೆ ದಕ್ಕಿದ್ದು ಪೋಸ್ಟರಿನ ಮೊದಲ ಮೂರು ಅಕ್ಷರ.

ಕಡಲ ಮಕ್ಕಳ ಪಾತ್ರಕ್ಕೆ ಈಜು ಬರಬೇಕೆಂದೇನಿಲ್ಲ, ಮನೆತನ ಬೇಕು. 2021ರ ‘ಉಪ್ಪೆನ’ದ ಬೆಸ್ತರ ಹುಡುಗ ಚಿರಂಜೀವಿಯವರ ಸೋದರಳಿಯ. 2025ರ ‘ತಂಡೇಲ್’, 2018ರಲ್ಲಿ ಪಾಕಿಸ್ತಾನದ ಕೈಗೆ ಸಿಕ್ಕಿಬಿದ್ದ ಶ್ರೀಕಾಕುಳಂ ಮೀನುಗಾರರ ನಿಜಕಥೆಯಿಂದ ಹುಟ್ಟಿದ್ದು. ಅದರ ನಾಯಕ ಅಕ್ಕಿನೇನಿ ನಾಗೇಶ್ವರರಾವ್ ಮೊಮ್ಮಗ. ಒಂದಷ್ಟು ಶೂಟಿಂಗ್ ಉಡುಪಿಯಲ್ಲಿ ನಡೆಯಿತು. ಕಡಲಿಗೂ ಕಾಲ್‌ಶೀಟ್ ಸಿಕ್ಕಿತಲ್ಲ! ಮಲ್ಪೆಯಲ್ಲೂ ಬೋಟಿನ ಮುಖ್ಯಸ್ಥನಿಗೆ ತಾಂಡೇಲ ಎಂದೇ ಹೆಸರು. ಅವನಿಗೆ ತಾಂಡೇಲನ ಪಾರ್ಟು ಮಾಡಲು ಬರುತ್ತದೋ ಇಲ್ಲವೋ ಎಂಬ ಅನುಮಾನ ನಿರ್ಮಾಪಕರಿಗೆ ಇರುವುದು ಸಹಜ.

ಬಣ್ಣದ್ದು ಬೇರೆಯೇ ಕಥೆ. ‘ಪುಷ್ಪ’ದಲ್ಲಿ ಅಲ್ಲು ಅರ್ಜುನ್‌ಗೂ ನಮ್ಮ ವಿರಾಜಪೇಟೆಯ ರಶ್ಮಿಕಾಗೂ ಕಪ್ಪು ಬಳಿದರು. ಬಿಸಿಲು ಪುಕ್ಕಟೆಯಾಗಿ ಹಚ್ಚಿಕೊಟ್ಟ ಅದೇ ಬಣ್ಣದ ಹುಡುಗಿಯರು ನೆಲ್ಲೂರಿನಿಂದ ಇಚ್ಛಾಪುರದವರೆಗೆ ಓಡಾಡಿಕೊಂಡಿದ್ದಾರೆ. ಅವರಿಗೆ ಅಂಗಡಿಯಲ್ಲಿ ಬೆಳ್ಳಗಾಗುವ ಕ್ರೀಮು ಕೊಡುತ್ತಾರೆ.

ನಾವೇನು ಸಾಚಾಗಳಲ್ಲ. ನಮ್ಮ ಸಿನಿಮಾಗಳಲ್ಲಿ ಎಷ್ಟೋ ವರ್ಷ ಮಂಗಳೂರಿನವನೆಂದರೆ ‘ಎಂತ ಮಾರಾಯ್ರೆ’ ಎನ್ನುವ ಹೋಟೆಲ್ ಭಟ್ಟ. ಧಾರವಾಡದ ಮಾತು ಕಿವಿಗೆ ಬಿದ್ದರೆ ಇನ್ನು ಕಾಮಿಡಿ ಎಂದು ಥಿಯೇಟರಿಗೇ ಗೊತ್ತಾಗುತ್ತಿತ್ತು. ಹೀರೋ ಎಲ್ಲೇ ಹುಟ್ಟಿರಲಿ, ಬೆಂಗಳೂರು-ಮೈಸೂರಿನ ಹಾಗೆ ಮಾತಾಡಬೇಕು. 2022ರ ‘ಕಾಂತಾರ’ದಲ್ಲಿ ಕೆರಾಡಿಯ ರಿಷಬ್ ಶೆಟ್ಟಿ ತಮ್ಮೂರ ಧಾಟಿಯಲ್ಲೇ ಮಾತಾಡಿದಾಗ, ದೈವಕ್ಕಿಂತ ದೊಡ್ಡ ಪವಾಡ ಅದೇ ಎಂಬಂತೆ ಬೆರಗಾದೆವು.

ಬೆಳಗ್ಗೆ ಭೀಮಿಲಿಯ ತೀರದಲ್ಲಿ ಚೀಟಿ, ಪೆನ್ನು ಹಿಡಿದು ನಿಂತಿದ್ದೆ. ಮರಳ ಮೇಲೆ ಮೀನು ಗುಡ್ಡೆ ಹಾಕಿ ಹರಾಜು ಕೂಗುತ್ತಿದ್ದರು. ತಲೆಯ ಮೇಲಿನ ಬುಟ್ಟಿಯಿಂದ ನೀರು ತೊಟ್ಟಿಕ್ಕಿ ಬೆನ್ನೆಲ್ಲ ಒದ್ದೆಯಾಗಿದ್ದ ಹೆಂಗಸೊಬ್ಬರು ನನ್ನ ಪೆನ್ನು ನೋಡಿ ನಿಂತರು.

“ಶೂಟಿಂಗಿನವರಾ ಬಾಬೂ? ದೋಣಿ ಬೇಕಾ, ಬುಟ್ಟಿ ಬೇಕಾ?”

ಅಲ್ಲಮ್ಮಾ, ಸಿನಿಮಾದಲ್ಲಿ ನಿಮ್ಮಂಥವರು ಎಷ್ಟು ಜನ ಇದ್ದಾರೆಂದು ಲೆಕ್ಕ ಹಾಕುತ್ತಿದ್ದೇನೆ ಎಂದೆ, ನನ್ನ ಹರಕು ತೆಲುಗಿನಲ್ಲಿ. ಅವರು ಬುಟ್ಟಿ ಇಳಿಸಿ ನಮ್ಮ ಅಂಜಲ್ ಮೀನಿನಂಥದ್ದೊಂದನ್ನು ಬಾಲ ಹಿಡಿದು ಎತ್ತಿದರು.

“ಲೆಕ್ಕ ಆಮೇಲೆ ಹಾಕುವಿರಂತೆ. ವಂಜರಂ ಇದೆ, ತಗೊಳ್ತೀರಾ ಇಲ್ವಾ?”