ಚೌಕಿಯಲ್ಲಿ ಕುಣಿದ ಲ್ಯಾಂಬ್ಡಾ

ಯಕ್ಷಗಾನದ ಪಳಗಿದ ವೇಷಧಾರಿಗೆ ತಾಲೀಮು ಎಂದರೆ ನಗು. ಸಂಜೆ ಬಣ್ಣ ಹಚ್ಚುವ ಚೌಕಿಗೆ ಬಂದ ಮೇಲೆ ವೇಷ ಯಾವುದೆಂದು ಹೇಳಿದರೂ ಸಾಕು, ರಂಗಸ್ಥಳಕ್ಕೆ ಹೋಗಿ ಅರ್ಥ ಹೇಳಿಯಾನು. ತಾಲೀಮು ಬೇಕಾದದ್ದು ಎಳೆಯರಿಗೆ. ಅದಕ್ಕೆಂದೇ ಸಾಲಿಗ್ರಾಮದಲ್ಲಿ 1975ರಲ್ಲಿ ಮಕ್ಕಳ ಮೇಳ ಕಟ್ಟಿದರು. ಇಂಥ ಊರಲ್ಲಿ ಕೂತು, ಬೆಂಗಳೂರಿನ ಕೆಲಸವನ್ನು ಚಾವಡಿಗೆ ತಂದುಕೊಂಡ ನಮ್ಮ ಮಾಣಿಗಳು ಇಪ್ಪತ್ತು ಸಾಲಿನ ಕೋಡಿಗೆ ದಿನವಿಡೀ ತಾಲೀಮು ಕೊಡುತ್ತಾರಪ್ಪ!

"ಎಂತ ಮಾಡ್ತಿದ್ದೆ ಮಾಣಿ?"

"ಸರ್ವರ್‌ಲೆಸ್ ಫಂಕ್ಷನ್ ಲೋಕಲ್ಲಲ್ಲಿ ಟೆಸ್ಟ್ ಮಾಡ್ತಿದ್ದೆ ಚಿಕ್ಕಯ್ಯ."

"ಸರ್ವರೇ ಇಲ್ದಿದ್ರೆ ಅದು ಓಡುದೆಲ್ಲಿ?"

"ಮುಂಬೈಲಿ."

ಹಿಂದೆ ನಮ್ಮೂರ ಮಾಣಿಗಳು ಮುಂಬೈಗೆ ಓಡುತ್ತಿದ್ದದ್ದು ಹೋಟೆಲಿಗೆ. ಈಗ ಮಾಣಿ ಮನೆಯಲ್ಲೇ, ಕೋಡು ಮಾತ್ರ ಓಡಿಹೋಗುತ್ತದೆ.

ಅದನ್ನು ಅಲ್ಲಿನ ತನ್ನ ಸರ್ವರುಗಳಲ್ಲಿ ಓಡಿಸಲು ಅಮೆಜಾನ್ 2014ರಲ್ಲಿ ತಂದ ಸೇವೆಯೇ ಲ್ಯಾಂಬ್ಡಾ, ಥೇಟ್ ಅತಿಥಿ ಕಲಾವಿದ. ಕರೆ ಬಂದರೆ ಬರುತ್ತದೆ, ಕುಣಿಯುತ್ತದೆ, ಹೋಗುತ್ತದೆ. ಸಂಬಳದ ಲೆಕ್ಕ ಮಿಲಿಸೆಕೆಂಡಿಗೆ. ನೀವು ಬೇರೆ ಹೇಳದಿದ್ದರೆ 3 ಸೆಕೆಂಡಿಗೇ ಪರದೆ, ಹೆಚ್ಚೆಂದರೆ 15 ನಿಮಿಷ. ಅಷ್ಟರಲ್ಲಿ ನಮ್ಮಲ್ಲಿ ಪೀಠಿಕೆಯೂ ಮುಗಿಯದು!

ಒಂದೊಂದು ಅಲ್ಪವಿರಾಮ ತಿದ್ದಿದಾಗಲೂ ಮುಂಬೈಗೆ ಕಳಿಸಿ ಕಾಯುವುದು ಬೇಡವೆಂದು ಲೋಕಲ್ ಟೆಸ್ಟಿಂಗ್. ಸ್ಯಾಮ್ ಎಂಬ ಉಪಕರಣ ಡಾಕರ್ ಕಂಟೇನರಿನಲ್ಲಿ ಲ್ಯಾಂಬ್ಡಾದ್ದೇ ವಾತಾವರಣ ಕಟ್ಟಿಕೊಡುತ್ತದೆ. ಗಿರಾಕಿ ಬಂದನೆಂಬಂತೆ ಒಂದು ಸುಳ್ಳು ಜೇಸನ್ ಫೈಲು ಕೊಟ್ಟು 'ಸ್ಯಾಮ್ ಲೋಕಲ್ ಇನ್ವೋಕ್' ಎಂದರೆ ಆಟ ಶುರು. ಡಾಕರ್ ಇಮೇಜನ್ನು ಮೊದಲೇ ಇಳಿಸಿಕೊಂಡಿದ್ದು, ಕೋಡು ಮುಂಬೈಯ ಬಾಗಿಲು ತಟ್ಟದಿದ್ದರೆ ಆಸಾಡಿಯ ಮಳೆಗೆ ನೆಟ್ ಕೈಕೊಟ್ಟರೂ ಅಡ್ಡಿಯಿಲ್ಲ. ಲ್ಯಾಪ್‌ಟಾಪಿನಲ್ಲಿ ಚಾರ್ಜ್ ಇದ್ದರಾಯಿತು. ಇಷ್ಟಕ್ಕೆ ನಾನು ಮಾಣಿಯ ಪಕ್ಷ.

ಆದರೆ ಸಂಜೆ ಮುಂಬೈಗೆ ಕಳಿಸಿದ ಕೂಡಲೇ "ಆಕ್ಸೆಸ್ ಡಿನೈಡ್"! ಮಾಣಿಯ ಮುಖ ಬಣ್ಣ ತೆಗೆದ ವೇಷದಂತೆ. ಮನೆಯಲ್ಲಿ ಫಂಕ್ಷನ್ ಓಡಿದ್ದು ಅವನ ಸ್ವಂತ ಕೀಲಿಕೈ ಹಿಡಿದು, ಅದಕ್ಕೆ ತೆರೆಯದ ಬಾಗಿಲಿಲ್ಲ. ಮುಂಬೈಯಲ್ಲಿ ಅದಕ್ಕೆ ಬೇರೆಯೇ ರೋಲು. ಆ ರೋಲಿಗೆ ಡೇಟಾಬೇಸ್ ಓದುವ ಅನುಮತಿ ಬರೆಯುವುದು ಮರೆತೇಹೋಗಿತ್ತು. ಚೌಕಿಯಲ್ಲಿ ಯಾರು ಬೇಕಾದರೂ ಕಿರೀಟ ಇಟ್ಟುಕೊಳ್ಳಬಹುದು ಮಾರಾಯ್ರೆ, ರಂಗಸ್ಥಳದಲ್ಲಿ ಭಾಗವತರು ಪದ ಎತ್ತಬೇಕಲ್ಲ!

ಆದ್ದರಿಂದ ಮಾಣಿಗಳೇ, ತರ್ಕದ ತಪ್ಪನ್ನು ಚಾವಡಿಯಲ್ಲೇ ಹಿಡಿಯಿರಿ. ಅನುಮತಿ, ಜೋಡಣೆಗಳ ಪರೀಕ್ಷೆಗೆ ಬೇರೊಂದು ಖಾತೆ ತೆರೆದು ಮುಂಬೈಯಲ್ಲೇ ಒಮ್ಮೆ ಕುಣಿಸಿ, ಆಮೇಲೆ ಗಿರಾಕಿಗೆ ಕೊಡಿ. ಖರ್ಚಿನ ನೆಪ ಹೇಳಬೇಡಿ: ತಿಂಗಳಿಗೆ 10 ಲಕ್ಷ ಕರೆಗಳು ಪುಕ್ಕಟೆ.