ಧೂಮೋಪಾಯನ

ಹೊಗೆ ಕಂಡಲ್ಲಿ ಬೆಂಕಿಯನ್ನು ಊಹಿಸಬೇಕೆಂದು ವಿಧಿಸಿದ ನಮ್ಮ ತಾರ್ಕಿಕರು ಬೆಟ್ಟಗಳನ್ನು ನೋಡಿದ್ದರೇ ಹೊರತು ಅಮೆರಿಕದ ವಿಸ್ಕಾನ್ಸಿನ್ ಸಂಸ್ಥಾನದ ಹಿತ್ತಿಲುಗಳನ್ನು ನೋಡಿದವರಲ್ಲ. ಹೈನಿನ ನಾಡೆಂಬ ಬಿರುದನ್ನು ಕಾರುಗಳ ನಂಬರ್ ಪ್ಲೇಟಿನ ಮೇಲೂ ಬರೆಯಿಸಿಕೊಂಡಿರುವ ಆ ಪ್ರಾಂತದಲ್ಲಿ, ಹಿಮ ಬೀಳತೊಡಗಿತೆಂದರೆ, ಸಭ್ಯ ಗೃಹಸ್ಥರು ಕಿವಿಮುಚ್ಚುವ ಟೋಪಿ ಧರಿಸಿ, ಮುಚ್ಚಳವಿಕ್ಕಿದ ಗ್ರಿಲ್ಲಿನ ಮುಂದೆ ಋತ್ವಿಜರ ಗಾಂಭೀರ್ಯದಿಂದ ನಿಂತಿರುವುದನ್ನು ಕಾಣಬಹುದು. ಒಳಗೆ ಧೂಮವುಂಟು, ಜ್ವಾಲೆಯಿಲ್ಲ, ಇರಕೂಡದು. ಚೀಸಿಗೆ ಹೊಗೆ ಹಿಡಿಸಿ ಕ್ರಿಸ್‌ಮಸ್ಸಿಗೆ ಬಂಧುಮಿತ್ರರಿಗೆ ಹಂಚುವ ವ್ರತ ಅದು.

ಮ್ಯಾಡಿಸನ್ನಿನಲ್ಲಿ ನಮ್ಮ ನೆರೆಯವರಾದ ವೃದ್ಧರೊಬ್ಬರು ಈ ವಿದ್ಯೆಯಲ್ಲಿ ಪಾರಂಗತರು. ತಂತಿಬಲೆಯ ಸುತ್ತುಸುತ್ತಾದ ತಟ್ಟೆಯಲ್ಲಿ ಸೇಬಿನ ಮರದ ಪುಡಿಯನ್ನು ತುಂಬಿ, ಒಂದು ತುದಿಗೆ ಕಿಡಿ ಮುಟ್ಟಿಸಿ, ಉರಿಯೆದ್ದೊಡನೆ ಊದಿ ನಂದಿಸಿಬಿಟ್ಟರೆ, ಆ ಪುಡಿಯು ಗಂಟೆಗಟ್ಟಲೆ ಹೊಗೆಯಾಡುತ್ತ ಮೇಲಿನ ಸರಳುಗಳ ಮೇಲಿಟ್ಟ ಚೆಡ್ಡಾರ್ ಗಟ್ಟಿಗಳಿಗೆ ಮೆಲ್ಲನೆ ಹೊಂಬಣ್ಣ ಹಚ್ಚುತ್ತದೆ. ಪೆಟ್ಟಿಗೆಯೊಳಗಿನ ಶಾಖ 32 ಡಿಗ್ರಿ ಸೆಲ್ಸಿಯಸ್ಸನ್ನು ದಾಟಿತೋ, ಚೀಸು ಬೆವರಿ, ಜಿಡ್ಡು ಬಿಟ್ಟು, ಸರಳುಗಳ ಸಂದಿಯಿಂದ ಅಧೋಗತಿಗಿಳಿಯುತ್ತದೆ. ಚಳಿಗಾಲವನ್ನೇ ಆರಿಸಿಕೊಳ್ಳುವುದು ಅದಕ್ಕಾಗಿ.

ಇಷ್ಟೆಲ್ಲ ಉಪಚಾರ ಪಡೆದ ಪದಾರ್ಥವನ್ನು ಆಗಲೇ ಬಾಯಿಗಿಟ್ಟರೆ ಬೂದಿಯದೇ ರುಚಿ. ಮೇಲ್ಮೈಯಲ್ಲಿ ಕುಳಿತ ಕಟುತ್ವವು ಶಾಂತವಾಗಿ ಒಳಗಿಳಿಯಬೇಕಾದರೆ, ಗಾಳಿ ಹೀರಿ ತೆಗೆದ ಚೀಲದಲ್ಲಿ ಬಂಧಿಸಿ, ಫ್ರಿಜ್ಜಿನಲ್ಲಿ ಎರಡು ವಾರವಾದರೂ ಇರಿಸಬೇಕು. ದೂರದೃಷ್ಟಿಯುಳ್ಳವರು ನವೆಂಬರಿನಲ್ಲಿಯೇ ಕಾರ್ಯಾರಂಭ ಮಾಡುತ್ತಾರೆ. ಉಳಿದವರು ಈ ತಪಸ್ಸನ್ನು ಸ್ವೀಕರಿಸುವವರ ತಲೆಗೆ ಕಟ್ಟಿ, ಕೆಂಪು ರಿಬ್ಬನ್ನಿನ ಕೆಳಗೆ ‘ಜನವರಿ 10ರವರೆಗೆ ತೆರೆಯಬೇಡಿ’ ಎಂದು ಬರೆದುಕೊಡುತ್ತಾರೆ. ಕೊಟ್ಟು ನಿಷೇಧಿಸುವ ದಾನವನ್ನು ನಮ್ಮ ಧರ್ಮಶಾಸ್ತ್ರಕಾರರು ಯಾವ ವರ್ಗಕ್ಕೆ ಸೇರಿಸುತ್ತಿದ್ದರೋ!

ನಮ್ಮ ಮನೆಗೆ ಬಂದ ಪೊಟ್ಟಣಕ್ಕೆ ಇನ್ನೊಂದು ಪರೀಕ್ಷೆಯೂ ಕಾದಿತ್ತು. ಹಾಲನ್ನು ಒಡೆಸುವ ರೆನೆಟ್ ಎಂಬುದು ಪರಂಪರೆಯಿಂದ ಕರುವಿನ ಜಠರದ್ದು. ಅದೇ ಕೆಲಸ ಮಾಡುವ, ಸೂಕ್ಷ್ಮಜೀವಿಗಳಿಂದ ತಯಾರಿಸಿದ ಕೈಮೋಸಿನ್ ಎಂಬ ಕಿಣ್ವಕ್ಕೆ 1990ರಲ್ಲಿ ಅಮೆರಿಕದ ಸರ್ಕಾರ ಒಪ್ಪಿಗೆ ಕೊಟ್ಟುದರಿಂದ ಸಸ್ಯಾಹಾರಿಗಳ ಸಂಕಟ ಬಹುಮಟ್ಟಿಗೆ ನೀಗಿತೆಂಬುದು ನಿಜವಾದರೂ, ನನ್ನ ಪತ್ನಿ ಸರ್ಕಾರಗಳನ್ನು ಅಷ್ಟಾಗಿ ನಂಬುವವಳಲ್ಲ. ವೃದ್ಧರು ಇದನ್ನರಿತೇ ಅಂಗಡಿಯ ಮೂಲ ಚೀಟಿಯನ್ನೂ ಜೊತೆಗಿಟ್ಟಿದ್ದರು. ಅವಳು ಭೂತಗನ್ನಡಿ ಹಿಡಿದು ಅದನ್ನು ಎರಡು ಸಲ ಓದಿದ ಮೇಲೆ ಚೀಸಿಗೆ ಫ್ರಿಜ್ಜಿನಲ್ಲಿ ಪ್ರವೇಶ ದೊರೆಯಿತು.

ಅವಧಿ ತೀರಿ ಪೊಟ್ಟಣ ಬಿಚ್ಚಿದ ದಿನ, ತೀರ್ಥಹಳ್ಳಿಯಿಂದ ಬಂದಿದ್ದ ನಮ್ಮತ್ತೆ ಒಂದು ಚೂರನ್ನು ಮೂಸಿ ನೋಡಿ, “ಇದಕ್ಕೆ ಇಷ್ಟು ಸಡಗರವೇನಪ್ಪ? ನಮ್ಮ ಅಡುಗೆಮನೆ ಅಟ್ಟದಲ್ಲಿ ನಾಲ್ಕು ದಿನ ಇಟ್ಟಿದ್ದರೆ ಆಗುತ್ತಿತ್ತು” ಎಂದರು. ಸೌದೆಯೊಲೆಯ ಮೇಲಣ ಆ ಅಟ್ಟದಲ್ಲಿ ಹುಣಸೆಹಣ್ಣಿನಿಂದ ಹಿಡಿದು ಬಿತ್ತನೆಯ ಬೀಜದವರೆಗೆ ಎಲ್ಲವೂ ವರ್ಷಗಟ್ಟಲೆ ಧೂಮಸ್ನಾನ ಮಾಡಿದ್ದುಂಟು; ಯಾರೂ ಅವಕ್ಕೆ ರಿಬ್ಬನ್ ಕಟ್ಟಿದ್ದಿಲ್ಲ. ತತ್ತ್ವತಃ ಅತ್ತೆಯವರ ಮಾತೇ ಸರಿ. ಮರದ ಲಿಗ್ನಿನ್ ಕಮರಿದಾಗ ಹುಟ್ಟಿ ಹೊಗೆಗೆ ಆ ಪರಿಮಳವನ್ನು ಕೊಡುವ ಗ್ವಾಯಕಾಲಿಗೆ ಮಲೆನಾಡೂ ಒಂದೇ, ಮ್ಯಾಡಿಸನ್ನೂ ಒಂದೇ. ಹೀಗೆ ತೀರ್ಪಿತ್ತ ಅತ್ತೆಯವರು ಅರ್ಧ ಗಟ್ಟಿಯನ್ನು ಅಕ್ಕಿರೊಟ್ಟಿಯೊಡನೆ ತಾವೇ ಮುಗಿಸಿದರು.

ಬೆಂಗಳೂರಿನ ಮಿತ್ರರು ಇದನ್ನು ಮಾಡಬಯಸಿದರೆ ಜನವರಿಯ ಬೆಳಗಿನ ಜಾವವನ್ನೇ ಆರಿಸಿಕೊಳ್ಳಲಿ. ಏಪ್ರಿಲ್ ಮಧ್ಯಾಹ್ನದಲ್ಲಿ ತೊಡಗಿದವರು ಉಡುಗೊರೆಯನ್ನು ಸೌಟಿನಿಂದ ಬಡಿಸಬೇಕಾಗುತ್ತದೆ.